ಅಮ್ಮನ ಬಚ್ಚಲುಮನೆ

ಆ ಬಚ್ಚಲುಮನೆಯನ್ನು ಬಸ್ ಡ್ರೈವರ್ ತನ್ನ ಕೈಯಾರೆ ಕಟ್ಟಿದ್ದ. ಮನೆಗಿದ್ದ ಹಳೆಯ ಬಚ್ಚಲು ಮಹಡಿಯ ಮೇಲೆ. ತಾಯಿಯ ಮಂಡಿ ಕೈಕೊಟ್ಟ ವರ್ಷ, ಒಂದು ಸ್ನಾನಕ್ಕಾಗಿ ಆಕೆ ಮೆಟ್ಟಿಲ ಮೇಲೆ ಕೂತು ಕೂತು ಹತ್ತುವುದನ್ನು ನೋಡಲಾರದೆ, ತನ್ನ ವಾರದ ರಜೆಗಳನ್ನೆಲ್ಲ ಸುರಿದು ಮನೆಯ ಪಕ್ಕದ ಓಣಿಯಲ್ಲಿ ಅದನ್ನು ಕಟ್ಟಿದ. ಕೈಗಾಡಿಯೊಂದು ಹೋಗುವಷ್ಟು ಅಗಲದ ಓಣಿ. ಒಂದು ಕಡೆ ತನ್ನ ಮನೆಯ ಗೋಡೆ, ಇನ್ನೊಂದು ಕಡೆ ಪಕ್ಕದ ಮನೆಯ ಗೋಡೆ. ಹೊಸದಾಗಿ ಬೇಕಾದದ್ದು ಹಿಂದೊಂದು, ಮುಂದೊಂದು, ಎರಡೇ ಗೋಡೆ. ಬಾಗಿಲನ್ನು ತಾಯಿಯ ಕೋಣೆಯಿಂದಲೇ ಇಟ್ಟ. ಕಾಲು ಜಾರದ ಟೈಲ್ಸ್ ಹಾಕಿದ. ಕೂತು ಮೀಯಲು ಒಂದು ಕಟ್ಟೆ ಮಾಡಿದ. ಹಿಡಿದು ಏಳಲು ಗೋಡೆಗೆ ಒಂದು ಸ್ಟೀಲಿನ ಸರಳು ಬಿಗಿದ. ಅದು ಹಳೆಯ ಬಸ್ಸಿನದು, ಡಿಪೋದ ಗುಜರಿಯಿಂದ ಕೇಳಿ ತಂದದ್ದು.

ಓಣಿ ಅವರದೇ ಜಾಗ. ತನ್ನ ಜಾಗದಲ್ಲಿ ತಾನು ಕಟ್ಟಿಕೊಳ್ಳುವುದಕ್ಕೆ ಯಾರ ಅಪ್ಪಣೆ ಬೇಕು ಎಂದು ಡ್ರೈವರ್ ಯೋಚನೆಯನ್ನೂ ಮಾಡಿರಲಿಲ್ಲ.

ಮೂರು ವರ್ಷದ ಮೇಲೆ ನಗರಸಭೆಯ ನೋಟೀಸು ಬಂತು. ಬಿಡಬೇಕಾದ ಖಾಲಿ ಜಾಗದಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದು, ಒಳಚರಂಡಿಯ ಚೇಂಬರ್ ಮುಚ್ಚಿದ್ದು, ಪಕ್ಕದ ಮನೆಗೆ ತೇವ ಹತ್ತಿಸಿದ್ದು ಎಂದು ಮೂರು ತಪ್ಪುಗಳು. ಹೇಳಿಕೊಳ್ಳುವುದೇನಾದರೂ ಇದ್ದರೆ ವಿಚಾರಣೆಗೆ ಬರಬೇಕು. ಇಲ್ಲವಾದರೆ ನಗರಸಭೆಯೇ ಒಡೆದು, ಖರ್ಚನ್ನು ಮನೆಯವರಿಂದಲೇ ವಸೂಲು ಮಾಡುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಅದನ್ನು ಓದಿ ಹೇಳಿದವಳು ಮಗಳು. ಕಾಲೇಜಿನ ಕೊನೆಯ ವರ್ಷದಲ್ಲಿದ್ದರೂ ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಪಾಪು ಎಂದೇ.

"ಇನ್ನೊಂದ್ಸಲ ಓದು," ಎಂದ ಡ್ರೈವರ್.

"ಎಷ್ಟು ಸಲ ಓದಿದ್ರೂ ಅದೇ ಇರೋದು, ಅಪ್ಪ."

"ಕಂಪ್ಲೇಂಟ್ ಕೊಟ್ಟಿದ್ದು ಆ ಗಡಿಯಾರದವರೇ ತಾನೇ? ದಿನಾ ಎದುರಿಗೆ ಸಿಗ್ತಾರೆ, ನಗ್ತಾರೆ. ಹಿಂದಿನಿಂದ ಹೀಗೆ!"

ಪಕ್ಕದ ಮನೆಯವರಿಗೆ ಗಡಿಯಾರ ರಿಪೇರಿಯ ಅಂಗಡಿ. ಹೆಚ್ಚು ಮಾತಿನ ಮನುಷ್ಯರಲ್ಲ.

ಹೆಂಡತಿ ಅವನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಹಾಕಿದಳು. ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಬಟ್ಟೆ ಕತ್ತರಿಸಿ ಬಂದವಳು. ಮಾತನ್ನೂ ಸುತ್ತಿ ಬಳಸಿ ಆಡುವವಳಲ್ಲ.

"ಹಿಂದಿನಿಂದ ಎಲ್ರೀ? ಎರಡು ಸಲ ಮನೆಗೇ ಬಂದು ಹೇಳಿದ್ರು, ಗೋಡೆ ಒದ್ದೆ ಆಗ್ತಿದೆ ಅಂತ. ನೀವೇ 'ನೋಡೋಣ, ನೋಡೋಣ' ಅಂತ ಕಳಿಸಿದ್ರಿ."

"ನೋಡೋಣ ಅಂದ್ರೆ ನೋಡ್ತೀನಿ ಅಂತ."

"ಎಷ್ಟು ದಿನ ನೋಡ್ತೀರಿ? ಅದೇನು ಸಿನಿಮಾನಾ?"

ಪಾಪು ಫಕ್ಕನೆ ನಕ್ಕಳು. ಅಪ್ಪ ಕಣ್ಣು ಬಿಟ್ಟದ್ದನ್ನು ನೋಡಿ ತಟ್ಟೆಗೆ ತಲೆ ಬಗ್ಗಿಸಿದಳು.

ಅಷ್ಟು ಹೊತ್ತೂ ಸುಮ್ಮನೆ ಊಟ ಮಾಡುತ್ತಿದ್ದ ತಾಯಿ ಲೋಟದ ನೀರು ಕುಡಿದು ಮುಗಿಸಿದಳು. "ನಾಳೆ ನಾನು ಹೋಗಿ ಕೇಳ್ತೀನಿ. ಆಫೀಸಿನ ಮೆಟ್ಟಿಲು ಹತ್ತೋ ಮುಂಚೆ ಮೂರನೇ ಸಲ ನಮ್ಮ ಬಾಗಿಲಿಗೆ ಬರೋಕೆ ಅವರಿಗೆ ಏನಾಗಿತ್ತು ಅಂತ. ನನ್ನ ಹತ್ರ ಹೇಳಬಹುದಿತ್ತಲ್ಲ?"

ಮಾರನೆಯ ದಿನ ಕೋಲು ಹಿಡಿದು, ಸೆರಗು ಬಿಗಿದು, ಜಗಳಕ್ಕೆ ಸಿದ್ಧಳಾಗಿಯೇ ಹೋದಳು. ಗಡಿಯಾರದವರ ಹೆಂಡತಿ ಬಾಗಿಲು ತೆಗೆದಳು. ಜಗಳದ ಮೊದಲ ಮಾತು ಬಾಯಿಂದ ಹೊರಡುವ ಮುಂಚೆಯೇ, "ಒಳಗೆ ಬನ್ನಿ ಅಮ್ಮ, ನೀವೇ ನೋಡಿ," ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಮಲಗುವ ಕೋಣೆಯಲ್ಲಿ ಮಂಚವನ್ನು ನಡುವಿಗೆ ಎಳೆದಿದ್ದರು. ಅದರ ಹಿಂದಿನ ಗೋಡೆ ಸೊಂಟದೆತ್ತರದವರೆಗೆ ಕಪ್ಪಗಾಗಿತ್ತು. ತಾಯಿ ಬೆರಳಿನಿಂದ ಮುಟ್ಟಿದಳು. ಗಾರೆ ಒದ್ದೆ ಹಿಟ್ಟಿನ ಹಾಗೆ ಉದುರಿ ಬಂತು. ಬೀರು ತೆಗೆದು ತೋರಿಸಿದರೆ ಬಟ್ಟೆಯೆಲ್ಲ ಮುಗ್ಗಲು ವಾಸನೆ.

ತಾಯಿ ವಾಪಸು ಬಂದಾಗ ಡ್ರೈವರ್ ಡ್ಯೂಟಿಗೆ ಹೊರಟು ನಿಂತಿದ್ದ.

"ಏನಂದ್ರು?"

"ಚಹಾ ಕೊಟ್ರು."

"ಅಷ್ಟೇನಾ? ನೀನೇನು ಹೇಳ್ದೆ?"

"ಕುಡ್ದೆ."

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಬಸ್ಸಿನ ಹೊತ್ತಾಗಿತ್ತು; ಹೊರಟುಹೋದ.

ಡಿಪೋದಲ್ಲಿ ಇಂಥ ವಿಷಯಕ್ಕೆ ಸಲಹೆ ಕೊಡುವವರಿಗೆ ಬರವಿಲ್ಲ. ಗುಮಾಸ್ತನೊಬ್ಬ ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಕರೆದು ಹೇಳಿದ: "ಕಾನೂನು ಮಾತಾಡ್ಬೇಡ. ತಾಯಿನ ಗಾಲಿಕುರ್ಚಿಲಿ ಕೂರಿಸಿ ಕರ್ಕೊಂಡು ಹೋಗು. ಅವರ ಮುಖ ನೋಡಿದ್ಮೇಲೆ ಯಾವ ಅಧಿಕಾರಿಗೂ ಒಡಿ ಅನ್ನೋಕೆ ಬಾಯಿ ಬರಲ್ಲ." ಈ ಮಾತು ಡ್ರೈವರನಿಗೆ ಹಿಡಿಸಿತು. ವಿಚಾರಣೆಯ ಹಿಂದಿನ ದಿನ ಯಾರದೋ ಮನೆಯಿಂದ ಒಂದು ಗಾಲಿಕುರ್ಚಿ ಕೇಳಿ, ಮಡಚಿ ಹೊತ್ತು ತಂದು ಹಾಲ್‌ನಲ್ಲಿ ಬಿಡಿಸಿಟ್ಟ.

ತಾಯಿ ಅದನ್ನು ಸುತ್ತ ನೋಡಿದಳು. ಬ್ರೇಕು ಒತ್ತಿ ನೋಡಿದಳು. ಇಡೀ ಉದ್ಯೋಗದ ಕಾಲವನ್ನು ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿ ಕಳೆದವಳು; ಇಂಥ ಕುರ್ಚಿಗಳನ್ನು ತಳ್ಳಿ ಅಂಗೈ ಒರಟಾಗಿತ್ತು.

"ಯಾರಿಗಪ್ಪ ಇದು?"

"ನಿನಗೆ. ನಾಳೆ ಒಂದು ದಿನಕ್ಕೆ. ನೀನೇನೂ ಮಾತಾಡ್ಬೇಡ. ಸುಮ್ನೆ ಕೂತಿರು."

"ನನ್ನ ಕಾಲು ಇನ್ನೂ ಇದೆ."

"ಇದೆ ಅಮ್ಮ, ನೋವೂ ಇದೆಯಲ್ಲ? ಸುಳ್ಳೇನು ಬಂತು ಇದರಲ್ಲಿ?"

"ನೋಡು, ಆಸ್ಪತ್ರೆಲಿ ಹತ್ತು ಜನಕ್ಕೆ ಒಂದು ಕುರ್ಚಿ ಇರ್ತಿತ್ತು. ಎದ್ದು ನಿಲ್ಲೋಕಾಗದವರು ಬಾಗಿಲಲ್ಲಿ ಕಾಯ್ತಾ ಇರೋರು. ಆಗ ಯಾವನೋ ಚೆನ್ನಾಗಿರೋನು ಬಂದು ಕೂತ್ರೆ ಎದ್ದೇಳಯ್ಯ ಅಂತ ಎಬ್ಬಿಸಿದ್ದೀನಿ ನಾನು, ಈ ಬಾಯಲ್ಲೇ. ಈಗ ನಾನೇ ಹೋಗಿ ಕೂರಲಾ?"

"ಹಾಗಾದ್ರೆ ಬಚ್ಚಲು ಹೋಗುತ್ತೆ!"

"ನನ್ನ ಜೊತೆ ಕೂಗಾಡ್ಬೇಡ. ಬರಲ್ಲ ಅಂದೆನಾ? ನಡ್ಕೊಂಡು ಬರ್ತೀನಿ."

ಕೊನೆಗೆ ಕುರ್ಚಿ ಮನೆಯಲ್ಲೇ ಉಳಿಯಿತು. ಆದರೆ ಡ್ರೈವರ್ ಪೂರ್ತಿ ಸೋತಿರಲಿಲ್ಲ. ನಗರಸಭೆಯ ಕಟ್ಟಡ ವಿಭಾಗ ಎರಡನೆಯ ಮಹಡಿಯಲ್ಲಿತ್ತು. ತಾಯಿಯನ್ನೂ ಮಗಳನ್ನೂ ಕೆಳಗಿನ ಬೆಂಚಿನ ಮೇಲೆ ಕೂರಿಸಿ, "ಕರೆದಾಗ ಬಂದ್ರಾಯ್ತು, ಇಲ್ಲೇ ಇರಿ," ಎಂದು ಒಬ್ಬನೇ ಹತ್ತಿ ಹೋದ.

ಸ್ವಲ್ಪ ಹೊತ್ತಾಯಿತು. ತಾಯಿ ಕೋಲನ್ನು ಪಾಪುವಿನ ಕೈಗೆ ಕೊಟ್ಟು ಎದ್ದಳು.

"ಎಲ್ಲಿಗಜ್ಜಿ?"

"ಮೇಲಕ್ಕೆ. ನಿಮ್ಮಪ್ಪ ಅಲ್ಲಿ ಏನು ಹೇಳ್ತಿರ್ತಾನೆ ಅಂತ ನನಗೆ ಗೊತ್ತು."

"ಲಿಫ್ಟ್ ಇದ್ಯಾ ಕೇಳ್ತೀನಿ ತಡಿ."

"ಬೇಡ. ನೀನು ಹಿಂದೆ ಬಾ. ಹಿಡ್ಕೋಬೇಡ, ಬಿದ್ರೆ ಮಾತ್ರ ಹಿಡ್ಕೊ."

ಎರಡು ಕೈಯಲ್ಲೂ ಮೆಟ್ಟಿಲ ಪಕ್ಕದ ಕಂಬಿ ಹಿಡಿದು, ಅಡ್ಡವಾಗಿ ತಿರುಗಿ, ಒಳ್ಳೆಯ ಕಾಲನ್ನು ಮುಂದಿಟ್ಟು, ಕೆಟ್ಟ ಕಾಲನ್ನು ಎಳೆದುಕೊಂಡು ಆಕೆ ಹತ್ತಿದಳು. ಫೈಲು ಹೊತ್ತವರು ಗೋಡೆಗೆ ಸರಿದು ದಾರಿ ಬಿಟ್ಟರು. ತಿರುವಿನಲ್ಲಿ ನಿಂತು ಉಸಿರು ಎಳೆದುಕೊಂಡಳು, ಮುಖ ಒರೆಸಿಕೊಂಡಳು, ಮತ್ತೆ ಹತ್ತಿದಳು. ಹಿಂದಿದ್ದ ಪಾಪುವಿಗೆ ಅಜ್ಜಿಯ ಕೆಟ್ಟ ಕಾಲು ನಡುಗುವುದು ಕಾಣುತ್ತಿತ್ತು.

ಮೇಲೆ, ದಪ್ಪ ಕನ್ನಡಕದ ಅಧಿಕಾರಿಣಿಯ ಮೇಜಿನ ಮುಂದೆ ಡ್ರೈವರ್ ಕೈ ಜೋಡಿಸಿ ನಿಂತಿದ್ದ. "ಮೆಟ್ಟಿಲು ಅಂದ್ರೆ ನಮ್ಮಮ್ಮನಿಗೆ ಆಗೋದೇ ಇಲ್ಲ ಮೇಡಂ. ಒಂದೇ ಒಂದು ಮೆಟ್ಟಿಲೂ ಹತ್ತೋ ಹಾಗಿಲ್ಲ. ಕೆಳಗೇ ಕೂತಿದ್ದಾರೆ, ಬೇಕಾದ್ರೆ ನೀವೇ ಬಂದು..."

ಅಧಿಕಾರಿಣಿ ಅವನ ಭುಜದಾಚೆ ನೋಡಿದರು. "ಇವರು ಯಾರು?"

ಅವನು ತಿರುಗಿದ. ಬಾಗಿಲ ಚೌಕಟ್ಟು ಹಿಡಿದು ತಾಯಿ ಏದುಸಿರು ಬಿಡುತ್ತ ನಿಂತಿದ್ದಳು.

"ನಮ್ಮಜ್ಜಿ," ಎಂದಳು ಪಾಪು.

ಸರದಿಗೆ ಕಾಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಡ್ರೈವರನ ಕಿವಿ ಕೆಂಪಾಯಿತು.

"ನಗಬೇಡಿ," ಎಂದಳು ತಾಯಿ. ನಗು ನಿಂತಿತು. ಅಧಿಕಾರಿಣಿ ಕುರ್ಚಿ ತೋರಿಸಿದರು, ಆಕೆ ಕೂರಲಿಲ್ಲ. "ಅವನು ಸುಳ್ಳು ಹೇಳಿಲ್ಲ ಮೇಡಂ, ಸ್ವಲ್ಪ ಜಾಸ್ತಿ ಹೇಳಿದ್ದಾನೆ. ದಿನಾ ನನಗೆ ಹತ್ತೋಕಾಗಲ್ಲ, ಅದು ನಿಜ. ಇವತ್ತು ಹತ್ತಿದ್ದಕ್ಕೆ ನಾಳೆ ನಾಡಿದ್ದು ಅನುಭವಿಸ್ತೀನಿ. ಆದ್ರೆ ನನ್ನ ಮಂಡಿ ನೋವಿಗೆ ಪಕ್ಕದವರು ಒದ್ದೆ ಗೋಡೆ ಹತ್ರ ಯಾಕೆ ಮಲಗಬೇಕು? ನಾನು ನೋಡ್ಕೊಂಡು ಬಂದಿದ್ದೀನಿ. ತಪ್ಪು ನಮ್ಮದು. ನಾವೇ ಒಡೀತೀವಿ, ನಿಮ್ಮ ಜನ ಬರೋದು ಬೇಡ. ಸ್ವಲ್ಪ ಟೈಮ್ ಕೊಡಿ. ಮನೆ ಒಳಗೇ ಕಟ್ಟಿಕೊಳ್ಳೋಕೆ ಏನು ಮಾಡಬೇಕು, ಅದನ್ನ ಹೇಳಿ."

ಅಧಿಕಾರಿಣಿ ಕನ್ನಡಕ ತೆಗೆದು ಒರೆಸಿಕೊಂಡರು. ದಂಡ ಬಿಡಲಿಲ್ಲ, ಅದು ತಮ್ಮ ಕೈಯಲ್ಲಿಲ್ಲ ಎಂದರು. ಆದರೆ ಆರು ವಾರ ಕೊಟ್ಟರು. ಒಳಗೆ ಕಟ್ಟಲು ನಕ್ಷೆ ಹೇಗಿರಬೇಕು, ಕಿಟಕಿ ಎಷ್ಟಿರಬೇಕು, ಕೊಳವೆ ಎಲ್ಲಿ ಸೇರಬೇಕು ಎಂದು ಒಂದು ಹಾಳೆಯಲ್ಲಿ ಗೆರೆ ಎಳೆದು ಪಾಪುವಿಗೆ ವಿವರಿಸಿದರು. ಹೊರಡುವಾಗ ತಾವೇ ಎದ್ದು ಬಂದು ತಾಯಿಯನ್ನು ಲಿಫ್ಟಿನವರೆಗೆ ಬಿಟ್ಟರು.

ಮನೆಗೆ ಹೋಗುವ ಬಸ್ಸಿನಲ್ಲಿ ಡ್ರೈವರ್ ತಾಯಿಯ ಹತ್ತಿರ ಕೂರಲಿಲ್ಲ. ಮುಂದೆ ಹೋಗಿ, ಬಸ್ಸು ಓಡಿಸುತ್ತಿದ್ದ ಸಹೋದ್ಯೋಗಿಯ ಪಕ್ಕ ಕಂಬ ಹಿಡಿದು ನಿಂತ. ಮನೆ ಬಾಗಿಲು ಮುಚ್ಚಿದ ಮೇಲೆ ಸಿಡಿದ.

"ಅಷ್ಟು ಜನದ ಮುಂದೆ ನನ್ನ ಮರ್ಯಾದೆ ತೆಗೆದೆಯಲ್ಲ!"

"ನಿನ್ನ ಮರ್ಯಾದೆ ಕಾಪಾಡೋಕೇ ಹತ್ತಿದ್ದು ನಾನು. ನನ್ನ ಮಗ ನನ್ನನ್ನ ತೋರಿಸಿ ಬೇಡಿಕೊಳ್ಳೋದು ನನಗೆ ಬೇಡ."

"ಬೇಡೋದಾ? ಒಂದು ದಿನ ರಜೆಯಿಲ್ಲದೆ ನಿನಗೋಸ್ಕರ ಕಟ್ಟಿದೆ. ಸಿಮೆಂಟು ಹೊತ್ತು ಹೆಗಲು ಕಿತ್ತು ಹೋಗಿತ್ತು. ಅದನ್ನ ಒಡೀತೀವಿ ಅಂತ ನೀನೇ ಹೇಳಿ ಬಂದೆಯಲ್ಲ!"

ಅವನು ಊಟದ ತಟ್ಟೆ ಎತ್ತಿಕೊಂಡು ಮಹಡಿಗೆ ಹೋದ. ಅಂದಿನಿಂದ ಒಂದು ವಾರ ಅವನ ಊಟ ಮೇಲೆ, ಉಳಿದವರ ಊಟ ಕೆಳಗೆ. ಹೆಂಡತಿ ಎರಡು ದಿನ ತಟ್ಟೆ ಹೊತ್ತು ಹೋದಳು. ಮೂರನೆಯ ದಿನ, "ಹಸಿವಾದವರು ಇಳಿದು ಬರಲಿ, ನಾನೇನು ಹೋಟೆಲಿನವಳಾ?" ಎಂದು ಕೂತುಬಿಟ್ಟಳು. ಅವನು ಇಳಿದು ಬಂದು ಬಡಿಸಿಕೊಂಡು ಮತ್ತೆ ಹತ್ತಿ ಹೋದ.

ತಾಯಿಯ ಮಂಡಿ ಬಾತು ಕುಂಬಳಕಾಯಿಯಂತಾಯಿತು. ಸೊಸೆ ದಿನವೂ ಕೆಲಸದಿಂದ ಬಂದವಳೇ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಶಾಖ ಕೊಟ್ಟಳು.

"ಅತ್ತೆ, ನೀವು ಹೇಳಿದ್ದು ಸರಿ. ಆದ್ರೆ ಅವರಿಗೆ ಮನೇಲೇ ಮೊದಲು ಹೇಳಬಹುದಿತ್ತು, ನಾನು ಗೋಡೆ ನೋಡಿ ಬಂದೆ ಅಂತ."

"ಹೇಳಿದ್ರೆ ಕೇಳ್ತಿದ್ನಾ?"

"ಕೇಳ್ತಿರಲಿಲ್ಲ. ಆದ್ರೂ ಹೇಳಬೇಕಿತ್ತು."

ತಾಯಿ ಮಂಡಿಯ ಮೇಲಿನ ಬಟ್ಟೆ ಸರಿಮಾಡಿಕೊಂಡು, "ಹೌದು ಕಣೇ," ಎಂದಳು.

ಹೊಸ ಬಚ್ಚಲಿಗೆ ಜಾಗ ಎಲ್ಲಿ ಎನ್ನುವುದೇ ಮುಂದಿನ ರಗಳೆಯಾಯಿತು. ತಾಯಿಯ ಕೋಣೆಯಲ್ಲಿ ಮಂಚ ಹಾಕಿದರೆ ತಿರುಗಲು ಜಾಗವಿಲ್ಲ. ಅಡುಗೆಮನೆ ಎಂದ ಡ್ರೈವರ್. "ನನ್ನ ಒಲೆ ಎಲ್ಲಿಡಲಿ, ತಲೆ ಮೇಲಾ?" ಎಂದಳು ಹೆಂಡತಿ. ಉಳಿದದ್ದು ಹಾಲ್. ಅದು ಡ್ರೈವರನ ಹಾಲ್. ಅಲ್ಲಿ ಆರು ಜನ ಕೂರುವ ಸೋಫಾ ಇತ್ತು, ಗೋಡೆಯಗಲದ ಟಿವಿ ಇತ್ತು.

"ಹಾಲ್‌ನಲ್ಲಿ ಬಚ್ಚಲಾ? ಬಂದವರು ಏನಂತಾರೆ?"

"ಯಾರು ಬರ್ತಾರೆ?" ಎಂದಳು ಹೆಂಡತಿ. "ನಿಮ್ಮ ಡಿಪೋದವರು ವರ್ಷಕ್ಕೊಂದ್ಸಲ. ಅತ್ತೆ ಸ್ನಾನ ದಿನಾ." ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಅಳತೆಯ ಟೇಪು ತೆಗೆದು ಹಾಲ್‌ನ ಮೂಲೆಯಿಂದ ನೆಲದ ಮೇಲೆ ಹಾಸಿದಳು. ಮಗಳು ಸೀಮೆಸುಣ್ಣದಿಂದ ಗೆರೆ ಎಳೆದಳು. ಟೇಪು ನೇರವಾಗಿ ಸೋಫಾದ ನಡುವಿಗೆ ಬಂದು ನಿಂತಿತು.

ಡ್ರೈವರ್ ಆ ಗೆರೆಯನ್ನು ನೋಡುತ್ತ ನಿಂತ. ಆಮೇಲೆ, "ಇನ್ನೊಂದು ಅಡಿ ಸೇರಿಸು," ಎಂದ. "ಅಷ್ಟರಲ್ಲಿ ಅಮ್ಮ ತಿರುಗೋಕಾಗಲ್ಲ." ಆ ವಾರದಲ್ಲಿ ಅವನ ಬಾಯಿಂದ 'ಅಮ್ಮ' ಎಂಬ ಮಾತು ಬಂದದ್ದು ಅದೇ ಮೊದಲು. ಸೋಫಾವನ್ನು ಮಾರಿದರು; ಅದರ ದುಡ್ಡು ಇಟ್ಟಿಗೆಗೂ ನಕ್ಷೆಯವನಿಗೂ ಆಯಿತು.

ಓಣಿಯ ಬಚ್ಚಲನ್ನು ಒಡೆಯಲು ಕೂಲಿಯವರನ್ನು ಕರೆಸೋಣ ಎಂದಳು ಹೆಂಡತಿ. "ಕಟ್ಟಿದವನೇ ಒಡೀತಾನೆ," ಎಂದು ಅವನು ರಜೆ ಹಾಕಿದ. ಸ್ಟೀಲಿನ ಸರಳನ್ನು ಮೊದಲು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟ. ಟೈಲ್ಸನ್ನು ಒಂದೊಂದಾಗಿ ಉಳಿಯಿಂದ ಎಬ್ಬಿಸಿದ. ಸಲೀಸಾಗಿ ಬರಲಿಲ್ಲ, ಅಷ್ಟು ಗಟ್ಟಿಯಾಗಿ ಕೂರಿಸಿದ್ದ. ಬೆವರು ಒರೆಸಿಕೊಳ್ಳುತ್ತ, "ನೋಡು, ಒಂದಾದ್ರೂ ಅಲ್ಲಾಡ್ತಿದೆಯಾ?" ಎಂದು ಮಗಳಿಗೆ ತೋರಿಸಿದ.

"ಕೆಲಸ ಚೆನ್ನಾಗಿದೆ ಅಪ್ಪ. ಜಾಗ ಮಾತ್ರ ಚೆನ್ನಾಗಿಲ್ಲ."

ಚಾವಣಿ ಇಳಿಸುವ ಹೊತ್ತಿಗೆ ಗಡಿಯಾರದವರು ಓಣಿಯ ಬಾಯಲ್ಲಿ ಬಂದು ನಿಂತರು. ಕೈಯಲ್ಲೊಂದು ಸುತ್ತಿಗೆ.

"ಒಬ್ಬರಿಗೇ ಭಾರ ಆಗುತ್ತೆ. ಆ ಕಡೆ ನಾನು ಹಿಡ್ಕೊಳ್ಳಲಾ?"

ಡ್ರೈವರ್ ಅವರ ಕಡೆ ನೋಡಲಿಲ್ಲ. ಕೆಲಸ ನಿಲ್ಲಿಸದೆಯೇ, "ಕಾಲಿಗೆ ಚಪ್ಪಲಿ ಹಾಕ್ಕೊಂಡು ಬನ್ನಿ, ಮೊಳೆ ಇದೆ," ಎಂದ.

ಇಬ್ಬರೂ ಸಂಜೆಯವರೆಗೆ ಮಾತಿಲ್ಲದೆ ದುಡಿದರು. ನೆಲ ಕಿತ್ತಾಗ ಚೇಂಬರಿನ ಮುಚ್ಚಳ ಕಂಡಿತು. ಅದರ ಬಿರುಕಿನಿಂದ ನೀರು ಒಸರಿ ಗೋಡೆಯ ಬುಡವೆಲ್ಲ ಕೆಸರಾಗಿತ್ತು. ಡ್ರೈವರ್ ಬಗ್ಗಿ ಆ ಗೋಡೆಗೆ ಅಂಗೈ ಒತ್ತಿದ. ಕೈಗೆ ಗಾರೆ ಮೆತ್ತಿಕೊಂಡಿತು.

"ಒಳಗೂ ಹೀಗೇನಾ?"

"ಇದಕ್ಕಿಂತ ಜಾಸ್ತಿ."

"ಮೂರನೇ ಸಲ ಬಂದು ನನ್ನ ಬಯ್ಯಬಾರದಾಗಿತ್ತಾ ನೀವು?"

"ನನಗೆ ಬಯ್ಯೋಕೆ ಬರಲ್ಲ," ಎಂದರು ಗಡಿಯಾರದವರು.

"ಮುಂದಿನ ವಾರದ ರಜೆಗೆ ಬರ್ತೀನಿ. ಗಾರೆ ಕೆತ್ತಿ ಹೊಸದು ಹಾಕೋದು, ಬಣ್ಣ ಬಳಿಯೋದು, ಎಲ್ಲ ನನ್ನದು. ನೀವು ಮಂಚ ಮಾತ್ರ ಆಚೆ ಇಡಿ."

ಹೇಳಿದಂತೆ ಮಾಡಿದ.

ಹೊಸ ಬಚ್ಚಲು ಏಳುವವರೆಗೆ ತಾಯಿ ಮತ್ತೆ ಮಹಡಿಯ ಬಚ್ಚಲಿಗೇ ಹೋಗಬೇಕಾಯಿತು. ಮೊದಲ ದಿನ ಬೆಳಿಗ್ಗೆ ಆಕೆ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದಾಗ ಡ್ರೈವರ್ ಖಾಕಿ ಅಂಗಿಯ ಗುಂಡಿ ಹಾಕುತ್ತ ಬಂದು ಹಿಂದೆ ನಿಂತ.

"ಹತ್ತು. ಹಿಂದೆ ನಾನಿದ್ದೀನಿ."

"ಡ್ಯೂಟಿಗೆ ಹೊತ್ತಾಗಲ್ವಾ?"

"ಹತ್ತಮ್ಮ ಸುಮ್ನೆ."

ನಡುವೆ ಆಕೆ ನಿಂತಾಗ ಅವನೂ ನಿಂತ. ತಾಯಿ ಮುಂದೆ ನೋಡುತ್ತಲೇ ಹೇಳಿದಳು: "ನೀನು ಕಟ್ಟಿದಾಗ ಆಸ್ಪತ್ರೆ ವಾರ್ಡಿನಲ್ಲಿ ಜೊತೆಗಿದ್ದವರಿಗೆಲ್ಲ ಫೋನ್ ಮಾಡಿ ಹೇಳಿದ್ದೆ ಕಣೋ. ನನ್ನ ಮಗ ನನಗೆ ಬಚ್ಚಲು ಕಟ್ಟಿದ ಅಂತ. ಒಬ್ಬಿಬ್ಬರು ಅತ್ತೇಬಿಟ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ನಿನಗೆ ಹೇಳಿದ್ರೆ ಇನ್ನೊಂದು ಕಟ್ಟಿಬಿಡ್ತಿದ್ದೆ."

ಹಿಂದಿನಿಂದ ಅವನ ನಗು ಕೇಳಿಸಿತು. ಆಕೆ ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು. ಆ ಮೇಲೆ ದಿನವೂ ಹಾಗೆಯೇ. ಅವನು ಬೆಳಗಿನ ಪಾಳಿಗೆ ಹೋದ ದಿನ ಪಾಪು ಹಿಂದೆ ನಿಂತಳು. ಅವನ ಊಟ ಕೆಳಗೇ ಆಯಿತು.

ಗಡುವು ಮುಗಿಯುವ ವಾರ ಅಧಿಕಾರಿಣಿ ಪರಿಶೀಲನೆಗೆ ಬಂದರು. ಓಣಿಯಲ್ಲಿ ನಡೆದು ಆ ತುದಿಯವರೆಗೆ ಹೋಗಿ ಬಂದರು. ಚೇಂಬರಿನ ಮುಚ್ಚಳ ಎತ್ತಿಸಿ ನೋಡಿದರು. ಒಳಗೆ ಬಂದು ಹೊಸ ಬಚ್ಚಲಿನ ಗೋಡೆ ಅಳೆದರು, ಕಿಟಕಿ ಅಳೆದರು, ಬಾಗಿಲು ಅಳೆದರು. ಡ್ರೈವರ್ ಅವರ ಹಿಂದೆಯೇ ತಿರುಗಿದ. ಒಂದು ಬಕೆಟ್ ನೀರು ಸುರಿಯಲು ಹೇಳಿದರು. ನೀರು ಎಲ್ಲಿಯೂ ನಿಲ್ಲದೆ ಮೂಲೆಗೆ ಹರಿದು ಗುಳುಗುಳು ಸದ್ದು ಮಾಡುತ್ತ ಇಳಿದುಹೋಯಿತು.

"ಬಾಗಿಲು ನಕ್ಷೆಗಿಂತ ಅಗಲ ಇದೆಯಲ್ಲ?"

ಡ್ರೈವರನ ಮುಖ ಇಳಿಯಿತು. "ಮುಂದೆ ಯಾವತ್ತಾದ್ರೂ... ನಿಜವಾಗಿ ಗಾಲಿಕುರ್ಚಿ ಬೇಕಾಗಿ ಬಂದ್ರೆ, ಅಂತ, ಮೇಡಂ."

ಅಧಿಕಾರಿಣಿ ತಾಯಿಯ ಕಡೆ ನೋಡಿ ನಕ್ಕರು. "ಅಗಲ ಇದ್ರೆ ತಪ್ಪಿಲ್ಲ. ಕಡಿಮೆ ಇದ್ರೆ ತಪ್ಪು," ಎಂದು ನಕ್ಷೆಯ ಮೇಲೆ ಸಹಿ ಮಾಡಿ ಮೊಹರು ಒತ್ತಿದರು.

ಆ ನಕ್ಷೆಗೆ ಡ್ರೈವರ್ ಚೌಕಟ್ಟು ಹಾಕಿಸಿದ. "ಹಾಲ್‌ನಲ್ಲಿ ಯಾರಾದ್ರೂ ಬಚ್ಚಲಿನ ನಕ್ಷೆ ನೇತುಹಾಕ್ತಾರೇನ್ರೀ?" ಎಂದು ಹೆಂಡತಿ ತಲೆ ಚಚ್ಚಿಕೊಂಡರೂ ಮೊಳೆ ಹೊಡೆಯುವಾಗ ಸ್ಟೂಲು ಹಿಡಿದುಕೊಂಡವಳು ಅವಳೇ.

ಒಂದು ರಜೆಯ ದಿನ ಡಿಪೋದ ನಾಲ್ಕೈದು ಜನ ಚಹಾಕ್ಕೆ ಬಂದರು. ಸೋಫಾ ಇಲ್ಲ, ಮಡಚುವ ಕುರ್ಚಿಗಳನ್ನು ಹಾಕಿದ್ದರು. ಅರ್ಧವಾದ ಹಾಲ್ ನೋಡಿ ಅವರು ಏನಾದರೂ ಹೇಳುವ ಮುಂಚೆಯೇ ಡ್ರೈವರ್ ಎದ್ದ.

"ಕೂರೋದು ಇದ್ದೇ ಇದೆ. ಮೊದಲು ಒಂದು ತೋರಿಸ್ತೀನಿ, ಬನ್ನಿ. ನಕ್ಷೆ ಸಮೇತ ಪಾಸಾಗಿದೆ. ಅಳತೆಲಿ ಒಂದು ಬೆರಳು ತಪ್ಪಿಲ್ಲ."

"ರೀ, ಚಹಾ ಆರುತ್ತೆ!" ಎಂದಳು ಹೆಂಡತಿ.

ಅವನು ಕೇಳಿಸಿಕೊಳ್ಳಲಿಲ್ಲ. ಎಲ್ಲರನ್ನೂ ಎಬ್ಬಿಸಿ ಬಾಗಿಲ ಮುಂದೆ ಕರೆತಂದು ಚಿಲಕಕ್ಕೆ ಕೈಹಾಕಿದ.

"ಯಾರದು? ನಾನಿದ್ದೀನಿ ಒಳಗೆ!" ತಾಯಿಯ ದನಿ ಗದರಿತು. ಹಿಂದೆಯೇ ಚೊಂಬಿನಿಂದ ನೀರು ಸುರಿದ ಸದ್ದು.

ಬಂದವರು ಮುಜುಗರದಿಂದ ಹಿಂದಕ್ಕೆ ಸರಿದರು. ಡ್ರೈವರ್ ಸರಿಯಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಎದೆಯ ಮೇಲೆ ಕೈಕಟ್ಟಿ ನಿಂತ.

"ನಿಧಾನವಾಗಿ ಮುಗಿಸ್ಕೊಂಡು ಬಾ ಅಮ್ಮ," ಎಂದ. "ನಾವು ಕಾಯ್ತೀವಿ."

ಹೆಂಡತಿ ಚಹಾದ ಲೋಟಗಳನ್ನು ಅಲ್ಲಿಗೇ ತಂದು ಕೊಟ್ಟಳು.